ನಮ್ಮ ಬೋರ್‌ವೆಲ್‌ಗೆ ಮಳೆನೀರು ಇಂಗಿಸಿದ ಬಗೆ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸಾಲು ಕಾಣುವ ಕಡೆ ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲವಿದೆ. ಅಜ್ಜನ ಕಾಲದಲ್ಲಿ ಇಪ್ಪತ್ತನಾಲ್ಕು ಎಕರೆಗೆ ಒಂದೇ ತೆರೆದ ಬಾವಿಯಿತ್ತು; ಎತ್ತು ಹೂಡಿ ನೀರೆತ್ತಬೇಕಾಗಿದ್ದುದರಿಂದ ಎತ್ತು ದಣಿದಾಗ ನೀರೆತ್ತುವುದೂ ನಿಲ್ಲುತ್ತಿತ್ತು, ರಾತ್ರಿಯೆಲ್ಲ ಬಾವಿಗೆ ಸೆಲೆ ಕೂಡುತ್ತಿತ್ತು. ಮೂರನೆಯ ತಲೆಮಾರಿಗೆ ಅದೇ ಭೂಮಿ ಆರು ಮನೆಗಳ ಪಾಲಾಯಿತು, ಪಾಲಿಗೊಂದು ಬೋರ್‌ವೆಲ್ ಬಂತು, ಸಜ್ಜೆ ಬೆಳೆಯುತ್ತಿದ್ದಲ್ಲಿ ಗೋವಿನಜೋಳ, ಉಳ್ಳಾಗಡ್ಡಿ ಬಂದವು. ಹೊಲ ಆರು ಭಾಗವಾದರೂ ಅದರಡಿಯ ನೀರು ಭಾಗವಾಗಿರಲಿಲ್ಲ ಎಂಬುದು ನನಗೆ ಅರಿವಾದದ್ದು 2016ರ ಬರದಲ್ಲಿ: ತಮ್ಮನ ಪಂಪು ನಿಂತ ದಿನ ಮಾತ್ರ ನನ್ನ ಬೋರಿನಲ್ಲಿ ಅರ್ಧ ಗಂಟೆ ನೀರು ಬರುತ್ತಿತ್ತು.

ಇನ್ನೂ ಆಳಕ್ಕೆ ಕೊರೆಯಿಸುವ ಮಾತಿಗೆ ನಾನು ಒಪ್ಪಲಿಲ್ಲ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಗುತ್ತದೆ. ನಮ್ಮ ಇಳಿಜಾರಿನಲ್ಲಿ ಅದು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರಿ ತುಂಗಭದ್ರೆಯತ್ತ ಹೋಗುತ್ತಿತ್ತು.

ಬೋರಿನ ಮೋಟಾರು ಮೇಲೆತ್ತಿಸಿ, ಮೇಲಿನ ಮಣ್ಣು ಕುಸಿಯದಂತೆ ಬೋರಿಗೆ ಇಳಿಸಿದ್ದ ಕೇಸಿಂಗ್ ಪೈಪಿನ ಸುತ್ತ ಉದ್ದ, ಅಗಲ, ಆಳ ಮೂರೂ 10 ಅಡಿಯಿರುವ ಗುಂಡಿ ತೋಡಿಸಿದೆ. ಗುಂಡಿಯೊಳಗಿನ ಪೈಪಿನ ಕೆಳಭಾಗಕ್ಕೆ ಸಣ್ಣ ತೂತು ಕೊರೆಸಿ, ನೈಲಾನ್ ಜಾಳಿಗೆಯನ್ನು ಎರಡು ಸುತ್ತು ಬಿಗಿದೆ. ಅರ್ಧದವರೆಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕಿಂತ ಮೇಲೆ ದಪ್ಪ ಮರಳು ತುಂಬಿಸಿದೆ. ಆದರೆ ಹೊಲದ ನೀರನ್ನು ನೇರವಾಗಿ ಬಿಟ್ಟದ್ದು ನನ್ನ ದೊಡ್ಡ ತಪ್ಪು. ಮೊದಲ ಎರಡು ಮಳೆಗೇ ಕೆಮ್ಮಣ್ಣು ಮರಳಿನ ಮೇಲೆ ಗಿಲಾವು ಮಾಡಿದಂತೆ ಕೂತು, ನೀರು ಹದಿನೈದು ದಿನ ಇಂಗದೆ ನಿಂತಿತು. ಮರುವರ್ಷ ಗುಂಡಿಯ ಮುಂದೆ ಒಂದರ ಹಿಂದೊಂದು ಎರಡು ಹೂಳುಗುಂಡಿ ತೋಡಿ, ಕಲ್ಲುಕಟ್ಟೆಯ ಮೇಲಿಂದ ತಿಳಿನೀರು ಮಾತ್ರ ಹರಿದು ಬರುವಂತೆ ಮಾಡಿದೆ. ಔಷಧಿ ಹೊಡೆದ ಹೊಲದ ನೀರನ್ನು ಬೇರೆಡೆ ತಿರುಗಿಸಿ, ಮೇಲಿನ ಹುಲ್ಲುಗಾವಲಿನ ನೀರನ್ನಷ್ಟೇ ತಂದೆ. ಅಂತರ್ಜಲಕ್ಕೆ ಒಮ್ಮೆ ವಿಷ ಸೇರಿದರೆ ಅದನ್ನು ತೆಗೆಯುವ ದಾರಿ ರೈತನಿಗಿಲ್ಲ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾದುದು ನನಗೆ ಸಂತೋಷದ ಸಂಗತಿ, ಏಕೆಂದರೆ ಗುಡ್ಡದ ಹುಲ್ಲು, ಕುರುಚಲು ಉಳಿದರೆ ನೀರು ನಿಧಾನವಾಗಿ ಇಳಿಯುತ್ತದೆ.

2020ರ ಬೇಸಿಗೆಯಲ್ಲಿ ಪಂಪು ಎರಡು ಗಂಟೆ ನಡೆಯಿತು. ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ಪೂರ್ತಿ ಶ್ರೇಯವನ್ನು ಗುಂಡಿಗೆ ಕೊಡಲಾರೆ. 2023ರಲ್ಲಿ ಮಳೆಯೇ ಕೈಕೊಟ್ಟಾಗ ಇಂಗಿಸಲು ನೀರಿರಲಿಲ್ಲ. ಆಗ ಆರೂ ಮನೆಯವರು ಕುಳಿತು ಬೇಸಿಗೆಯ ಉಳ್ಳಾಗಡ್ಡಿ ಬಿಟ್ಟು, ಪಂಪಿಗೆ ದಿನದ ಪಾಳಿ ಹಚ್ಚಿಕೊಂಡೆವು. ದನಗಳಿಗೆ ಕುಡಿಯುವ ನೀರು ಮುಂಗಾರಿನವರೆಗೂ ಸಾಲಿತು. ಆ ಪಾಳಿ ಈಗಲೂ ನಡೆದಿದೆ. ಪ್ರತಿ ಮಾರ್ಚಿನಲ್ಲಿ ಎಲ್ಲರೂ ಸೇರಿ ಮರಳಿನ ಮೇಲ್ಪದರ ಕೆರೆದು ತೆಗೆದು ಹೊಸದನ್ನು ಹಾಕುತ್ತೇವೆ.