ಬದುವಿನ ಮೇಲೆ 300 ಸಸಿ

ನಮ್ಮದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು. ಎರಡೂವರೆ ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಗೋವಿನಜೋಳ, ಶೇಂಗಾ ಬೆಳೆಯುತ್ತೇವೆ. ಮಳೆ ಕೈಕೊಟ್ಟ ವರ್ಷ ಬೀಜ ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ. 2022ರ ಮುಂಗಾರಿನಲ್ಲಿ ಆ ಹೊಲದ ಬದುವಿನ ಮೇಲೆ, ನಾಲ್ಕೂ ಅಂಚಿಗೆ 300 ಸಸಿ ಹಚ್ಚಿದೆವು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹಚ್ಚಿದ್ದು. ಮೂರೂ ವರ್ಷದ ಎಣಿಕೆ ಮುಗಿದು ಹಣ ಬಂದಿದೆ. ಊರಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ನಿಜವಾಗ್ಲೂ ದುಡ್ಡು ಬರುತ್ತಾ ಅಂತ. ಬರುತ್ತದೆ. ಆದರೆ ಹಚ್ಚಿದ ಸಸಿಗಲ್ಲ, ಬದುಕಿದ ಸಸಿಗೆ.

ಲೆಕ್ಕ ಇಷ್ಟು. ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. 2011-12ರಲ್ಲಿ ಯೋಜನೆ ಶುರುವಾದಾಗ ಮೂರು ವರ್ಷಕ್ಕೂ ಸೇರಿ 45 ರೂಪಾಯಿ ಇತ್ತು. ಒಂದು ಹೆಕ್ಟೇರಿಗೆ ಹೆಚ್ಚೆಂದರೆ 400 ಸಸಿಗೆ ಹಣ ಸಿಗುತ್ತದೆ. ಸಸಿಯನ್ನು ಇಲಾಖೆಯ ನರ್ಸರಿಯಲ್ಲೇ ರಿಯಾಯಿತಿ ದರದಲ್ಲಿ ಕೊಡುತ್ತಾರೆ.

ಎಲ್ಲ ಗಿಡಕ್ಕೂ ಈ ಹಣ ಇಲ್ಲ. ನೀಲಗಿರಿ, ಅಕೇಶಿಯಾ, ಗಾಳಿ ಮರ, ಸಿಲ್ವರ್ ಓಕ್ ಇವಕ್ಕೆ ಇಲ್ಲ. ನೀಲಗಿರಿ ವಿಷಯದಲ್ಲಿ ನಮ್ಮ ಕಡೆಯವರಿಗೆ ಹಳೆಯ ನೆನಪಿದೆ. ಗೋಮಾಳದ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟಾಗ ಜನ ಎದ್ದು ನಿಂತರು. 1987ರ ನವೆಂಬರ್ 14ರಂದು ನಮ್ಮ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು, ಜನರಿಗೆ ದನಕ್ಕೆ ಬೇಕಾದ ಸಸಿ ಹಚ್ಚಿದರು. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಆದರೆ ರೈತನಿಗೆ ಅದರ ಜಾಗಕ್ಕೆ ಬೇರೆ ಗಿಡ ಬೇಕಲ್ವಾ? ಕಟ್ಟಿಗೆ ಅಡ್ಡೆಗೆ ಹೋದರೆ ಬಾಗಿಲು ಚೌಕಟ್ಟಿಗೂ ಹೊರದೇಶದ ಕಟ್ಟಿಗೆ ತೋರಿಸುತ್ತಾರೆ. ಚೌಕಟ್ಟಿಗೆ ಆಗುವ ಕಟ್ಟಿಗೆ ನಮ್ಮ ಹೊಲದಲ್ಲೇ ಬೆಳೆಯಬಹುದು. ನಾನು ಗಿಡಕ್ಕೆ ಕೈ ಹಾಕಿದ್ದು ಇದೇ ಕಾರಣಕ್ಕೆ.

ಒಂದು ವರ್ಷ ಮೊದಲೇ ಹಚ್ಚಬೇಕಿತ್ತು. ತಡವಾಗಿದ್ದು ಉತಾರದಿಂದ, ಅಂದರೆ ಪಹಣಿಯಿಂದ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿದ್ದರೂ ಹೊಲ ಅವರ ಹೆಸರಲ್ಲೇ ಇತ್ತು. ವಾರಸಾ ಮಾಡಿಸಿ ನಮ್ಮ ಹೆಸರಿಗೆ ತಂದಿರಲಿಲ್ಲ. ಅರ್ಜಿ ಹಿಡಿದು ಹೋದಾಗ, ಹಣ ಜಮಾ ಆಗುವುದು ಉತಾರದಲ್ಲಿ ಹೆಸರಿದ್ದವರ ಖಾತೆಗೆ, ಮೊದಲು ಅದನ್ನು ಸರಿ ಮಾಡಿಸಿ ಎಂದರು. ಅಣ್ಣ ತಮ್ಮಂದಿರು ಕೂತು, ವಾಟ್ನಿ (ಪಾಲು) ಮಾಡಿಕೊಂಡು, ನಾಡಕಚೇರಿಗೆ ಅಲೆದು ನನ್ನ ಹೆಸರು ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಹಾಗಾಗಿ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು, ಉತಾರ ನೋಡಿಕೊಳ್ಳಿ ಅಂತ. ಅದೊಂದು ಸರಿ ಇದ್ದರೆ ಆಧಾರ್, ಪಾಸ್‌ಬುಕ್, ಫೋಟೊ ಕೊಟ್ಟು ವಲಯ ಅರಣ್ಯ ಕಚೇರಿಯಲ್ಲಿ ಹೆಸರು ಹಚ್ಚುವುದು ಅರ್ಧ ದಿನದ ಕೆಲಸ.

180 ಸಾಗವಾನಿ, 80 ಹೆಬ್ಬೇವು, 40 ಬೇವು ಮತ್ತು ನೇರಳೆ ತಂದೆವು. ಗುಂಡಿಯನ್ನು ಏಪ್ರಿಲ್‌ನಲ್ಲೇ ತೋಡಿ ಬಿಸಿಲಿಗೆ ಬಿಟ್ಟಿದ್ದೆವು. ಎರಡು ಅಡಿ ಆಳ. ಒಂದು ಬುಟ್ಟಿ ತಿಪ್ಪೆಗೊಬ್ಬರ, ಗೆದ್ದಲಿಗೆ ಒಂದು ಹಿಡಿ ಬೇವಿನ ಹಿಂಡಿ. ನರ್ಸರಿಯಲ್ಲಿ ಎತ್ತರದ ಸಸಿ ಆರಿಸಬೇಡಿ. ನಾನು ಪ್ಯಾಕೆಟ್ಟಿನ ತಳ ನೋಡಿ ತಂದೆ. ಬೇರು ಕೆಳಗೆ ಸಿಂಬೆಯ ಹಾಗೆ ಸುತ್ತಿಕೊಂಡಿದ್ದರೆ ಆ ಸಸಿ ಮಣ್ಣಿಗೆ ಹೋದಮೇಲೂ ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಅಂಥವು ಬಂದಿದ್ದರೆ ತಳದ ಒಂದು ಇಂಚು ಕುಡುಗೋಲಿನಿಂದ ಕೊಯ್ದು ಹಚ್ಚಿದೆವು.

ಮಳೆಗಾಲದಲ್ಲಿ ಚಿಂತೆ ಇರಲಿಲ್ಲ. ಮೊದಲ ಪೆಟ್ಟು ಬಿದ್ದಿದ್ದು ಸುಗ್ಗಿ ಮುಗಿದ ಮೇಲೆ. ಹೊಲ ಖಾಲಿಯಾದಾಗ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಒಂದೇ ರಾತ್ರಿಗೆ ಹೆಬ್ಬೇವಿನ ಸುಳಿ ಎಲ್ಲ ಹೋಯಿತು. ಸಾಗವಾನಿಯನ್ನು ಮಾತ್ರ ಮುಟ್ಟಿರಲಿಲ್ಲ, ಅದರ ಎಲೆ ಒರಟು. ಬೆಳಿಗ್ಗೆ ನೋಡಿ ಹೊಟ್ಟೆ ಉರಿಯಿತು. ಕುರಿಯವರ ಮೇಲೆ ಸಿಟ್ಟು ಮಾಡಲಿಲ್ಲ, ಕರೆದವರು ನಾವೇ. ಹೆಬ್ಬೇವಿಗೆಲ್ಲ ಜಾಲಿಮುಳ್ಳು ಕಟ್ಟಿದೆವು. ಮುಕ್ಕಾಲು ಪಾಲು ಮತ್ತೆ ಚಿಗುರಿದವು.

ಆಮೇಲೆ ಬೇಸಿಗೆ. ಫೆಬ್ರವರಿ ನಡುವಿನಿಂದ ಮೇ ತಿಂಗಳವರೆಗೆ ಹತ್ತು ದಿನಕ್ಕೊಮ್ಮೆ ಟ್ರ್ಯಾಕ್ಟರ್ ಟ್ಯಾಂಕಿನಲ್ಲಿ ನೀರು. ಟ್ಯಾಂಕಿಗೆ 600 ರೂಪಾಯಿ, ಒಂಬತ್ತು ಸಲ ಅಂದರೆ 5400. ಒಂದು ಸಸಿಗೆ ಒಂದು ಕೊಡ. ನೀರು ಹಾಕಿದ್ದು ಜಾಸ್ತಿ ನನ್ನ ಹೆಂಡತಿಯೇ. ಬುಡಕ್ಕೆ ಶೇಂಗಾ ಹೊಟ್ಟು ಹರಡೋಣ ಅಂತ ಹೇಳಿದ್ದೂ ಅವಳೇ. ಹೊಟ್ಟು ಹಾಕಿದ ಬುಡದಲ್ಲಿ ಆರನೇ ದಿನಕ್ಕೂ ಮಣ್ಣು ಕೈಗೆ ತಂಪಾಗಿ ಸಿಗುತ್ತಿತ್ತು.

ಎಣಿಕೆಗೆ ಅರಣ್ಯ ಇಲಾಖೆಯ ಗಾರ್ಡ್ ಬಂದದ್ದು ಅದೇ ಬೇಸಿಗೆಯಲ್ಲಿ. ಸಾಗವಾನಿ ಆಗ ಎಲೆ ಉದುರಿಸಿ ಬರೀ ಕೋಲಿನ ಹಾಗೆ ನಿಂತಿರುತ್ತದೆ. ಅವರು ಹೊಸಬರು. ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾ, ಒಣಗಿದ್ದನ್ನೆಲ್ಲ ಬಿಟ್ಟು ಮುಂದೆ ನಡೆದರು. ನನಗೆ ಮಾತೇ ಹೊರಡಲಿಲ್ಲ. ಹೆಂಡತಿ ಹಿಂದಿನಿಂದ ಕರೆದಳು, “ಸಾಹೇಬ್ರ, ಇದು ಸತ್ತಿಲ್ರಿ. ಎಲಿ ಉದುರಿಸೇತ್ರಿ ಅಷ್ಟ.” ಬಗ್ಗಿ, ಹೆಬ್ಬೆರಳಿನ ಉಗುರಿನಿಂದ ಕಾಂಡದ ಸಿಪ್ಪೆ ಕೆರೆದಳು. ಒಳಗೆ ಹಸಿರು, ಒದ್ದೆ. ಅವರೂ ಕೂತು ಇನ್ನೊಂದನ್ನು ಕೆರೆದು ನೋಡಿದರು. “ಆತ್ರಿ ಅಕ್ಕಾರ, ಮೊದಲಿಂದ ಎಣಸೂಣು” ಅಂದರು. ಬಿಸಿಲಲ್ಲಿ ನಾಲ್ಕೂ ಅಂಚು ಮತ್ತೊಮ್ಮೆ ತಿರುಗಿದೆವು. 246 ಸಸಿ ಬರೆದುಕೊಂಡರು. ನಿಮ್ಮ ಹೊಲದ ಎಣಿಕೆಯ ದಿನ ನೀವು ಅಲ್ಲಿ ಇರಲೇಬೇಕು. ಊರಿಗೆ ಹೋಗಬೇಡಿ, ಆಳು ಮಗನನ್ನು ಕಳಿಸಬೇಡಿ.

246 ಸಸಿಗೆ ಮೊದಲ ವರ್ಷ 8610 ರೂಪಾಯಿ ಬಂತು. ಎರಡನೇ ಎಣಿಕೆಯಲ್ಲಿ 231 ಇದ್ದವು, 9240. ಮೂರನೆಯದರಲ್ಲಿ 228 ಇದ್ದವು, 11,400. ಎಲ್ಲ ಸೇರಿ 29,250. ಮೊದಲ ಕಂತು ಮಾತ್ರ ಎಂಟು ತಿಂಗಳು ತಡ. ನೀರಿನ ದುಡ್ಡನ್ನು ಕೈಗಡ ತಂದಿದ್ದೆ.

ಇಲ್ಲಿ ನನ್ನದೊಂದು ತಕರಾರಿದೆ. ಸಸಿ ಸಾಯುವುದು ಮೊದಲ ಬೇಸಿಗೆಯಲ್ಲಿ. ನಮ್ಮಲ್ಲಿ ಸತ್ತ 72ರಲ್ಲಿ 54 ಆಗಲೇ ಹೋದವು. ಖರ್ಚು ಬೀಳುವುದೂ ಆಗಲೇ. ಆದರೆ ಎಲ್ಲಕ್ಕಿಂತ ಕಡಿಮೆ ಹಣ ಮೊದಲ ವರ್ಷಕ್ಕೆ, ಅದೂ ಬೇಸಿಗೆ ಕಳೆದ ಮೇಲೆ. ಹಣ ಮೊದಲೇ ಕೊಟ್ಟರೆ ಜನ ಗಿಡ ನೋಡುವುದಿಲ್ಲ ಅನ್ನುವ ಅಂಜಿಕೆ ಸರ್ಕಾರಕ್ಕಿರಬಹುದು, ಅದು ಸುಳ್ಳೂ ಅಲ್ಲ. ಹಾಗಿದ್ದರೆ ಡಿಸೆಂಬರ್‌ನಲ್ಲಿ ಒಂದು ಎಣಿಕೆ ಮಾಡಿ, ನೀರಿನ ಪಾಲನ್ನಾದರೂ ಕೊಡಲಿ. ನೀರಾವರಿ ಇಲ್ಲದ ಬಡ ರೈತ ಈ ಯೋಜನೆಯ ಹತ್ತಿರ ಬರಲು ಹಿಂಜರಿಯುವುದು ಇದಕ್ಕೇ.

ಇನ್ನೊಂದು, ಕಡಿಯುವಾಗಿನ ಮಾತು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ಗಾಳಿ ಮರ, ಸುಬಾಬುಲ್ ಕಡಿಯಲು ಅನುಮತಿ ಬೇಕಿಲ್ಲ. ಸಾಗವಾನಿಗೆ ಬೇಕು, ನಮ್ಮದೇ ಹೊಲದಲ್ಲಿದ್ದರೂ. ಅದಕ್ಕೆ ನರ್ಸರಿಯ ರಸೀದಿ, ಎಣಿಕೆಯ ಕಾಗದ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಉತಾರದಲ್ಲಿ ಗಿಡ ನಮೂದಾಗಲಿ ಅಂತ ಅರ್ಜಿಯನ್ನೂ ಕೊಟ್ಟಿದ್ದೇನೆ. ಸಾಗವಾನಿ ಕಡಿಯುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ, ಮಗನಿಗೆ ಬೇಕಾಗುತ್ತದೆ.

ಹೆಬ್ಬೇವು ಈಗ ಎರಡೂ ಅಂಗೈ ಸೇರಿಸಿ ಹಿಡಿಯುವಷ್ಟು ದಪ್ಪವಾಗುತ್ತಿದೆ. ಅದರ ನೆರಳಿಗೆ ಪಕ್ಕದ ಎರಡು ಸಾಲು ಗೋವಿನಜೋಳ ಸೊರಗುತ್ತದೆ, ಇದನ್ನೂ ಹೇಳಬೇಕು. ಕೆಳಗಿನ ಟೊಂಗೆ ಸವರಿ ಆಡಿಗೆ ಹಾಕುತ್ತೇವೆ. ತಮ್ಮನ ಪಾಲಿನ ಒಂದು ಎಕರೆಗೂ ಅರ್ಜಿ ಹಾಕಿಸಿದ್ದೇನೆ. ಗುಂಡಿ ತೋಡಿ ಆಗಿದೆ. ಈ ಸಲ ಜಾಲಿಮುಳ್ಳನ್ನು ಮೊದಲೇ ಕಡಿದು ಬದುವಿಗೆ ಒಟ್ಟಿದ್ದೇವೆ.