ರಾಣಿಪುರಂ ನೆತ್ತಿಯ ಹೂನೊಣ: ನಕ್ಷೆಗೆ ಚುಕ್ಕಿ ಇಡುವ ಮೊದಲು

ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡೆಯ ನೆತ್ತಿ ಸುಮಾರು ಸಾವಿರ ಮೀಟರ್ ಎತ್ತರ. ಬಿಸಿಲೇರುವ ಹೊತ್ತಿಗೆ ಅಲ್ಲಿ ಗಾಳಿಯಲ್ಲಿ ತೂಗುಹಾಕಿದ ಹಾಗೆ ನಿಂತ ಹೂನೊಣ (ಹೋವರ್‌ಫ್ಲೈ) ಕಂಡರೆ, ಫೋಟೋ ತೆಗೆದು "ಎತ್ತರದ ಜಾತಿ" ಎಂದು ಬರೆದುಬಿಡುವ ಆಸೆಯಾಗುತ್ತದೆ. ಅವಸರ ಬೇಡ. ಹಲವು ಜಾತಿಗಳ ಗಂಡುಗಳು ಹೆಣ್ಣಿಗೆ ಕಾಯಲೆಂದೇ ನೆತ್ತಿಗೆ ಏರುತ್ತವೆ. ಮೊಟ್ಟೆಯಿಡುವ ಜಾಗ ಕೆಳಗಿನ ಶೋಲಾದಲ್ಲೋ (ಗುಡ್ಡಗಳ ನಡುವಿನ ಕಣಿವೆಯ ಕಾಡು) ತೋಟದಲ್ಲೋ ಇರಬಹುದು. ಅದಕ್ಕೇ ನಾವು ಪ್ರತಿ ದಾಖಲೆಯಲ್ಲೂ ಗಂಡೋ ಹೆಣ್ಣೋ ಎಂದು ಬರೆಯುತ್ತೇವೆ. ಹೆಚ್ಚಿನ ಜಾತಿಗಳಲ್ಲಿ ಗಂಡಿನ ಎರಡು ಕಣ್ಣುಗಳು ತಲೆಯ ಮೇಲೆ ಕೂಡಿರುತ್ತವೆ, ಹೆಣ್ಣಿನ ಕಣ್ಣುಗಳ ನಡುವೆ ಎಡೆ ಇರುತ್ತದೆ.

ಬುಡದಿಂದ ನೆತ್ತಿಯವರೆಗೆ ನೂರು ಮೀಟರ್ ಏರಿಗೊಂದು ನಿಲುಗಡೆ, ಪ್ರತಿಯೊಂದರಲ್ಲೂ 15 ನಿಮಿಷ. ಏನೂ ಕಾಣದಿದ್ದರೆ ಸೊನ್ನೆ ಬರೆಯಲೇಬೇಕು. ಸೊನ್ನೆಗಳಿಲ್ಲದ ಪಟ್ಟಿಯಿಂದ ಎತ್ತರದ ಮಿತಿ ಹೇಳಲಾಗದು. ಮೊಬೈಲು ತೋರಿಸುವ ಎತ್ತರವನ್ನು ನಂಬಬೇಡಿ. ಅಕ್ಷಾಂಶ, ರೇಖಾಂಶಗಳನ್ನು ದಶಾಂಶದ ನಾಲ್ಕು ಅಂಕಿಯವರೆಗೆ ಬರೆದು, ಎತ್ತರವನ್ನು ಆಮೇಲೆ ನಕ್ಷೆಯಿಂದ ತೆಗೆಯಿರಿ.

ನೊಣ ಹಿಡಿಯಲು ಇಡುವ ಹಳದಿ ಬಟ್ಟಲಿಗೆ ಮುಕ್ಕಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಹಾಕದಿದ್ದರೆ ನೊಣ ಮುಳುಗುವುದಿಲ್ಲ. ಜೇನ್ನೊಣಗಳೂ ಬಂದು ಸಾಯುತ್ತವೆ, ಆದ್ದರಿಂದ ಒಂದು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಮಳೆಗಾಲದಲ್ಲಿ ಬಟ್ಟಲು ತುಂಬಿ ಹರಿದು ಎಲ್ಲ ಕೊಚ್ಚಿಹೋಗುತ್ತದೆ. ಅದಕ್ಕೇ ಅಂಚಿನ ಕೆಳಗೆ ತೂತು ಕೊರೆದು ಸೊಳ್ಳೆಪರದೆಯ ತುಂಡು ಅಂಟಿಸಬೇಕು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬಟ್ಟಲು ಇಡುವಂತಿಲ್ಲ, ಬಲೆ ಬೀಸುವಂತಿಲ್ಲ. ಆಲ್ಕೋಹಾಲಿನಲ್ಲಿ ಬಣ್ಣ ಮಾಸುತ್ತದೆ, ಗುರುತಿಗೆ ಬೇಕಾದ್ದನ್ನು ಸೂಜಿಗೆ ಚುಚ್ಚಿ ಒಣಗಿಸಿ.

ಹೆಸರಿನಲ್ಲಿ ಎಡವುವುದು ಹೆಚ್ಚಾಗಿ ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ಹೂನೊಣದಿಂದ. ಕಿತ್ತಳೆ ಹೊಟ್ಟೆಯ ಮೇಲೆ ಜೋಡಿ ಕಪ್ಪು ಪಟ್ಟಿ. ಬಯಲಲ್ಲೂ ಗುಡ್ಡೆಯಲ್ಲೂ ಇರುತ್ತದೆ. ಅದರ ಮರಿ ಗಿಡಹೇನು ತಿನ್ನುತ್ತದೆ, ಅಲಸಂಡೆ ಬಳ್ಳಿಯಲ್ಲೂ ಹುಡುಕಬಹುದು. ಹೂನೊಣಗಳಲ್ಲೇ ಬೇರೆ ಕೆಲವು ಜಾತಿಗಳ ಮರಿಗಳಿಗೆ ಮರದ ಪೊಟರೆಯ ಕೊಳೆತ ನೀರೇ ಬೇಕು. ಅಂಥ ಜಾತಿಗೆ ನೆತ್ತಿಯ ಹುಲ್ಲನ್ನಷ್ಟೇ ಕಾಪಾಡಿ ಉಪಯೋಗವಿಲ್ಲ, ಪೊಟರೆಯಿರುವ ಮುದಿ ಮರ ಉಳಿಯಬೇಕು.

ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಲೆಕ್ಕದಲ್ಲಿ ವಾಸಕ್ಷೇತ್ರವನ್ನು 2 ಕಿ.ಮೀ. ಬದಿಯ ಚೌಕಗಳಲ್ಲಿ ಎಣಿಸುತ್ತಾರೆ, ಒಂದು ಚೌಕ 4 ಚದರ ಕಿ.ಮೀ. ಮೊತ್ತ 500 ಚದರ ಕಿ.ಮೀ.ಗಿಂತ ಕಡಿಮೆಯಾದ ಮಾತ್ರಕ್ಕೆ "ಅಳಿವಿನಂಚಿನದು" ಆಗದು. ನೆಲೆಗಳು ಹರಿದು ಚೂರಾಗಿರುವುದು ಇಲ್ಲವೇ ಐದಕ್ಕಿಂತ ಹೆಚ್ಚಿಲ್ಲದಿರುವುದು, ನಿಲ್ಲದ ಇಳಿಕೆ, ವಿಪರೀತ ಏರಿಳಿತ, ಇವುಗಳಲ್ಲಿ ಎರಡಾದರೂ ಇರಬೇಕು. ನಾವು ಲೆಕ್ಕವನ್ನು ಎರಡು ಸಲ ಹಾಕುತ್ತೇವೆ: ನೆತ್ತಿಯ ಗಂಡುಗಳನ್ನು ಸೇರಿಸಿ ಒಮ್ಮೆ, ಹೆಣ್ಣು ಮತ್ತು ಮರಿ ಸಿಕ್ಕಿದ ಚೌಕಗಳನ್ನಷ್ಟೇ ಇಟ್ಟು ಇನ್ನೊಮ್ಮೆ.