ಸಿಮೆಂಟ್ ಬಿಸಿ ಅಳೆಯೋದು ಹೇಗೆ: ಕ್ಯಾಲೋರಿಮೀಟರ್ ಮುಂದೆ ಮೊದಲ ಸಲ ಕೂರೋರಿಗೆ

ಹೊಸದಾಗಿ ಲ್ಯಾಬ್‌ಗೆ ಸೇರಿದ ಹುಡುಗಿ ಒಬ್ಳು ಮೊನ್ನೆ ಕೇಳಿದ್ಲು, ಸರ್ ಒಂದೇ ಚೀಲದ ಸಿಮೆಂಟ್ ಎರಡು ಸಲ ಹಾಕಿದೆ, ಎರಡು ಸಲನೂ ಗ್ರಾಫ್ ಬೇರೆ ಬೇರೆ ಬಂತು, ಮಷೀನ್ ಕೆಟ್ಟಿದೆಯಾ ಅಂತ. ಮಷೀನ್ ಚೆನ್ನಾಗೇ ಇತ್ತು. ಒಂದು ದಿನ ಸಿಮೆಂಟ್ ಹೊರಗಡೆ ಗೋಡೌನ್‌ನಿಂದ ನೇರ ತಂದು ಕಲಸಿದ್ಲು, ಇನ್ನೊಂದು ದಿನ ರಾತ್ರಿಯಿಡೀ ಎಸಿ ರೂಮಲ್ಲಿ ಇಟ್ಟು ಕಲಸಿದ್ಲು, ಅಷ್ಟೇ ವ್ಯತ್ಯಾಸ. ಐಸೋಥರ್ಮಲ್ ಕ್ಯಾಲೋರಿಮೀಟರ್, ಅಂದ್ರೆ ಸ್ಯಾಂಪಲ್‌ನ ಒಂದೇ ಟೆಂಪರೇಚರ್‌ನಲ್ಲಿ ಇಟ್ಟು ಅದು ಬಿಡೋ ಬಿಸಿ ಅಳೆಯೋ ಮಷೀನ್, ಇದರ ವಿಷಯದಲ್ಲಿ ನಾನು ಇಷ್ಟು ವರ್ಷದಲ್ಲಿ ನೋಡಿರೋ ತಪ್ಪುಗಳಲ್ಲಿ ಹೆಚ್ಚಿನವು ಮಷೀನ್ ಮುಚ್ಚಳ ತೆಗೆಯೋಕೆ ಮುಂಚೆನೇ ಆಗಿರತ್ತೆ, ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಬರೀತಿದೀನಿ.

ಮೊದಲು ಇದು ಏನು ಅಳೆಯತ್ತೆ ಅಂತ ಹೇಳ್ತೀನಿ. ಸಿಮೆಂಟ್‌ಗೆ ನೀರು ತಾಗಿದ ಕೂಡಲೇ ಬಿಸಿ ಬಿಡೋಕೆ ಶುರು ಮಾಡತ್ತೆ, ಗಟ್ಟಿ ಆಗೋ ಕ್ರಿಯೆ ಎಷ್ಟು ಜೋರಾಗಿ ನಡೀತಿದೆಯೋ ಅಷ್ಟು ಬಿಸಿ. ಈ ಮಷೀನ್ ಒಳಗೆ ಪ್ರತಿ ಚಾನೆಲ್‌ಗೂ ಎರಡು ಜಾಗ ಇರತ್ತೆ, ಒಂದರಲ್ಲಿ ನಮ್ಮ ಸ್ಯಾಂಪಲ್, ಇನ್ನೊಂದರಲ್ಲಿ ಯಾವ ಕ್ರಿಯೆನೂ ಆಗದೇ ಇರೋ ರೆಫರೆನ್ಸ್. ಎರಡರ ಕೆಳಗೂ ಹೀಟ್ ಫ್ಲೋ ಸೆನ್ಸರ್, ಅದರ ಕೆಳಗೆ ದಪ್ಪ ಅಲ್ಯೂಮಿನಿಯಂ ಬ್ಲಾಕ್, ಸುತ್ತ ಒಂದೇ ಟೆಂಪರೇಚರ್ ಕಾಯೋ ಪೆಟ್ಟಿಗೆ. ಸ್ಯಾಂಪಲ್‌ನಿಂದ ಬ್ಲಾಕ್ ಕಡೆ ಹರಿಯೋ ಬಿಸಿ ಸೆನ್ಸರ್‌ನಲ್ಲಿ ಚೂರು ವೋಲ್ಟೇಜ್ ಹುಟ್ಟಿಸತ್ತೆ, ಅದನ್ನ ಮಿಲಿವ್ಯಾಟ್‌ಗೆ ತಿರುಗಿಸಿಕೊಂಡು ಏಳು ದಿನ ಬರ್ಕೊಳ್ತಾ ಹೋಗೋದು. ಅಮೆರಿಕದ ಎಎಸ್‌ಟಿಎಂ ಸಿ1702, ಯೂರೋಪಿನ ಇಎನ್ 196-11 ಎರಡೂ ಇದೇ ವಿಧಾನಕ್ಕೆ ಇರೋ ಸ್ಟ್ಯಾಂಡರ್ಡ್. ನಮ್ಮ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 4031 ಭಾಗ 9ರಲ್ಲಿ ಇರೋದು ಬೇರೆ, ಅದು ಹೈಡ್ರೋಫ್ಲೋರಿಕ್, ನೈಟ್ರಿಕ್ ಆಸಿಡ್‌ನಲ್ಲಿ ಸಿಮೆಂಟ್ ಕರಗಿಸಿ ಬಿಸಿ ಅಳೆಯೋ ಹಳೇ ವಿಧಾನ, ಆ ಆಸಿಡ್ ಕೈ ಮೇಲೆ ಬಿದ್ರೆ ಮೂಳೆವರೆಗೂ ಹೋಗತ್ತೆ, ತಿಳಿದೋರು ಪಕ್ಕದಲ್ಲಿ ಇಲ್ದೇ ಯಾರೂ ಮುಟ್ಟಬೇಡಿ.

ಟೆಂಪರೇಚರ್ ಎಷ್ಟಕ್ಕೆ ಇಡಬೇಕು ಅನ್ನೋದು ರಿಪೋರ್ಟ್ ಯಾರಿಗೆ ಅನ್ನೋದರ ಮೇಲೆ. ಎಎಸ್‌ಟಿಎಂ ಪ್ರಕಾರ ಮಾಡೋರು 23 ಡಿಗ್ರಿ, ಯೂರೋಪ್ ಕಡೆಯವರು 20. ನಾವು ಸೆಟ್ಟಿಂಗ್ ಟೈಮ್, ಕ್ಯೂಬ್ ಒಡೆದು ಬಲ ನೋಡೋದು ಎಲ್ಲಾ 27 ಡಿಗ್ರಿಯಲ್ಲಿ ಮಾಡ್ತೀವಲ್ಲ, ಅದರ ಜೊತೆ ಹೋಲಿಸಿ ನೋಡೋದಾದ್ರೆ ಇದನ್ನೂ 27ಕ್ಕೇ ಇಡಿ. 20ರಲ್ಲಿ ಮಾಡಿದ ಗ್ರಾಫ್‌ನ 27ರಲ್ಲಿ ಮಾಡಿದ್ದರ ಪಕ್ಕ ಇಟ್ಟು ಈ ಸಿಮೆಂಟ್ ಸ್ಲೋ ಅಂತ ತೀರ್ಪು ಕೊಟ್ಟ ಇಮೇಲ್‌ಗಳನ್ನ ನಾನೇ ನೋಡಿದೀನಿ, ಆ ಏಳು ಡಿಗ್ರಿಯಲ್ಲೇ ಪೀಕ್, ಅಂದ್ರೆ ಗ್ರಾಫ್‌ನ ತುದಿ, ಗಂಟೆಗಟ್ಟಲೆ ಜರುಗಿರತ್ತೆ. ಏನೇ ಇಟ್ರೂ ಹಿಂದಿನ ದಿನವೇ ಸೆಟ್ ಮಾಡಿ ಬಿಡಿ, ಆ ಬ್ಲಾಕ್ ನಿಧಾನ ಪ್ರಾಣಿ, ಡಿಸ್ಪ್ಲೇನಲ್ಲಿ 27.00 ಬಂದ ತಕ್ಷಣ ಒಳಗೆಲ್ಲಾ ಸಮ ಆಗಿರಲ್ಲ. ಎಸಿ ಗಾಳಿ ನೇರ ಮಷೀನ್ ಮೇಲೆ ಬೀಳಬಾರದು, ಕಿಟಕಿ ಬಿಸಿಲೂ ಬೀಳಬಾರದು, ಯುಪಿಎಸ್ ಇರಲೇಬೇಕು, ಐದನೇ ದಿನ ರಾತ್ರಿ ಹತ್ತು ನಿಮಿಷ ಕರೆಂಟ್ ಹೋದ್ರೆ ವಾರದ ಕೆಲಸ ಹೋಯ್ತು ಅಂತಲೇ.

ರೆಫರೆನ್ಸ್ ಲೆಕ್ಕ ತುಂಬಾ ಜನ ಅಂದಾಜಲ್ಲಿ ಮಾಡ್ತಾರೆ. ಅದು ಹೀಗೆ. ಸ್ಯಾಂಪಲ್‌ನಲ್ಲಿ 5 ಗ್ರಾಂ ಸಿಮೆಂಟ್, 2 ಗ್ರಾಂ ನೀರು ಅಂದ್ಕೊಳ್ಳಿ, ಅಂದ್ರೆ ವಾಟರ್ ಸಿಮೆಂಟ್ ರೇಶಿಯೋ 0.4. ಒಣ ಸಿಮೆಂಟ್‌ನ ಸ್ಪೆಸಿಫಿಕ್ ಹೀಟ್, ಅಂದ್ರೆ ಒಂದು ಗ್ರಾಂನ ಒಂದು ಡಿಗ್ರಿ ಏರಿಸೋಕೆ ಬೇಕಾದ ಬಿಸಿ, ಸುಮಾರು 0.75 ಜೂಲ್, ನೀರಿಂದು 4.18. ಐದು ಇಂಟು 0.75 ಅಂದ್ರೆ 3.75, ಎರಡು ಇಂಟು 4.18 ಅಂದ್ರೆ 8.36, ಕೂಡಿದ್ರೆ ಡಿಗ್ರಿಗೆ 12.1 ಜೂಲ್. ರೆಫರೆನ್ಸ್ ಆಂಪೂಲ್‌ಗೂ, ಅಂದ್ರೆ ರೆಫರೆನ್ಸ್ ತುಂಬೋ ಪುಟ್ಟ ಸೀಸೆಗೂ, ಇಷ್ಟೇ ಬರಬೇಕು, ಅದಕ್ಕೆ 2.9 ಗ್ರಾಂ ನೀರು ಹಾಕಿದ್ರೆ ಸಾಕು, ಇಲ್ಲಾ ಒಣ ಮರಳು ಹಾಕೋದಾದ್ರೆ 16 ಗ್ರಾಂ. ಇದು ಸರಿ ಇದ್ರೆ ರೂಮಿನ ಟೆಂಪರೇಚರ್ ಚೂರು ಅಲ್ಲಾಡಿದ್ರೂ ಎರಡೂ ಕಡೆ ಒಂದೇ ಥರ ಅಲ್ಲಾಡಿ ಕಳೆದು ಹೋಗತ್ತೆ, ತಪ್ಪಿದ್ರೆ ಗ್ರಾಫ್ ಎಲ್ಲಾ ಅಲೆ ಅಲೆ.

ಆಮೇಲೆ ಬೇಸ್‌ಲೈನ್. ಎರಡೂ ಕಡೆ ಕ್ರಿಯೆ ಇಲ್ಲದ ವಸ್ತು ಇಟ್ಟು ರಾತ್ರಿಯಿಡೀ ಓಡಿಸಿ, ಬರೋ ಸಿಗ್ನಲ್‌ನ ಬರೆದಿಟ್ಕೊಂಡು ಆಮೇಲೆ ಕಳೀಬೇಕು. ಚಿಕ್ಕದು ಅಂತ ಬಿಡಬೇಡಿ, ಬೇಸ್‌ಲೈನ್ 0.1 ಮಿಲಿವ್ಯಾಟ್ ತಪ್ಪಿದ್ರೆ ಏಳು ದಿನಕ್ಕೆ 60 ಜೂಲ್ ಆಗತ್ತೆ, 5 ಗ್ರಾಂ ಸಿಮೆಂಟ್‌ಗೆ ಭಾಗಿಸಿದ್ರೆ ಗ್ರಾಂಗೆ 12 ಜೂಲ್. ಕ್ಯಾಲಿಬ್ರೇಶನ್‌ಗೆ ಒಳಗಿರೋ ಪುಟ್ಟ ಹೀಟರ್ ಉಪಯೋಗಿಸೋದು, 100 ಓಮ್ ರೆಸಿಸ್ಟರ್‌ಗೆ 10 ಮಿಲಿಆಂಪ್ ಕೊಟ್ರೆ ಸರಿಯಾಗಿ 10 ಮಿಲಿವ್ಯಾಟ್ ಬಿಸಿ, ಆಗ ಸೆನ್ಸರ್ ಎಷ್ಟು ವೋಲ್ಟೇಜ್ ತೋರಿಸತ್ತೋ ಅದರಿಂದ ಈ 10 ಮಿಲಿವ್ಯಾಟ್‌ನ ಭಾಗಿಸಿದ್ರೆ ಬರೋದೇ ಆ ಚಾನೆಲ್‌ನ ಗುಣಾಂಕ. ಪ್ರತಿ ಚಾನೆಲ್‌ಗೂ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ, ಟೆಂಪರೇಚರ್ ಬದಲಾಯಿಸಿದ್ರೆ ಮತ್ತೆ ಮಾಡಿ.

ಈಗ ಕಲಸೋದು. ಸಿಮೆಂಟ್, ನೀರು, ಆಡ್ಮಿಕ್ಸ್ಚರ್ ಅಂದ್ರೆ ಮಿಕ್ಸ್‌ಗೆ ಚೂರು ಹಾಕೋ ಕೆಮಿಕಲ್, ಕಲಸೋ ಬಟ್ಟಲು, ಸ್ಪ್ಯಾಚುಲಾ, ಖಾಲಿ ಆಂಪೂಲ್, ಎಲ್ಲಾ ಹಿಂದಿನ ರಾತ್ರಿನೇ ಟೆಸ್ಟ್ ಟೆಂಪರೇಚರ್‌ನಲ್ಲಿ ಇಟ್ಟಿರಬೇಕು, ಸಿಮೆಂಟ್ ಮಾತ್ರ ಗಾಳಿ ಆಡದ ಡಬ್ಬಿಯಲ್ಲಿ. 5 ಗ್ರಾಂ ಬೇಕು ಅಂತ 5 ಗ್ರಾಂ ಮಾತ್ರ ಕಲಸಬೇಡಿ, ಕನಿಷ್ಠ 50 ಗ್ರಾಂ ಕಲಸಿ ಅದರಲ್ಲಿ ತಗೊಳ್ಳಿ, ಇಲ್ಲಾಂದ್ರೆ ಬಟ್ಟಲಿಗೆ ಅಂಟಿಕೊಂಡ ನೀರೇ ರೇಶಿಯೋ ಕೆಡಿಸತ್ತೆ. ನೀರು ಸಿಮೆಂಟ್‌ಗೆ ತಾಗಿದ ನಿಮಿಷವನ್ನ ಪುಸ್ತಕದಲ್ಲಿ ಬರ್ಕೊಳ್ಳಿ, ಸೊನ್ನೆ ಅಂದ್ರೆ ಅದೇ, ಆಂಪೂಲ್ ಇಳಿಸಿದ ಹೊತ್ತಲ್ಲ. ಎಷ್ಟು ಹೊತ್ತು, ಎಷ್ಟು ಜೋರಾಗಿ ಕಲಸ್ತೀರೋ ಅದನ್ನ ಪ್ರತಿ ಸಲ ಒಂದೇ ಥರ ಇಡಿ, ನಾನು ಎರಡು ನಿಮಿಷ ಅಂತ ಇಟ್ಕೊಂಡಿದೀನಿ, ಜೋರಾಗಿ ಕಲಸಿದ್ರೆ ಕ್ರಿಯೆನೂ ಬೇಗ ಶುರುವಾಗತ್ತೆ. ಖಾಲಿ ಆಂಪೂಲ್ ತೂಕ, ತುಂಬಿದ ತೂಕ, ಎರಡೂ 0.01 ಗ್ರಾಂವರೆಗೆ. ಬಾಯಿಗೆ, ಹೊರಮೈಗೆ ಅಂಟಿದ ಪೇಸ್ಟ್ ಒರೆಸಿ, ಯಾಕಂದ್ರೆ ಚಾನೆಲ್ ಒಳಗೆ ಒಂದು ತೊಟ್ಟು ಬಿದ್ದು ಅಲ್ಲೇ ಕಲ್ಲಾದ್ರೆ ಅದನ್ನ ಕೆರೆದು ತೆಗೆಯೋದು ದೊಡ್ಡ ಸಂಕಟ. ಗ್ಲೌಸ್ ಹಾಕ್ಕೊಳ್ಳಿ, ಪೇಸ್ಟ್ ಚರ್ಮ ಸುಡತ್ತೆ, ಉಳಿದಿದ್ದನ್ನ ಸಿಂಕ್‌ಗೆ ಸುರೀಬೇಡಿ.

ಮುಚ್ಚಳ. ಇಲ್ಲಿ ಸ್ವಲ್ಪ ನಿಲ್ಲಿ. ಮುಚ್ಚಳ ಸಡಿಲ ಇದ್ರೆ ಗಂಟೆಗೆ ಬರೀ 1 ಮಿಲಿಗ್ರಾಂ ನೀರು ಆವಿಯಾಗಿ ಹೋಗ್ತಿದೆ ಅಂತ ಇಟ್ಕೊಳ್ಳಿ. ನೀರು ಆವಿಯಾಗೋಕೆ ಗ್ರಾಂಗೆ 2400 ಜೂಲ್‌ಗಿಂತ ಜಾಸ್ತಿ ಬಿಸಿ ಎಳ್ಕೊಳತ್ತೆ, ಆ ಲೆಕ್ಕದಲ್ಲಿ ಈ 1 ಮಿಲಿಗ್ರಾಂ ಸುಮಾರು 0.7 ಮಿಲಿವ್ಯಾಟ್ ತಿಂದು ಹಾಕತ್ತೆ, ಏಳು ದಿನಕ್ಕೆ 5 ಗ್ರಾಂ ಸಿಮೆಂಟ್‌ನಲ್ಲಿ ಗ್ರಾಂಗೆ 80 ಜೂಲ್ ಕಾಣೆ. ಒಳ್ಳೇ ಓಪಿಸಿ, ಅಂದ್ರೆ ಆರ್ಡಿನರಿ ಪೋರ್ಟ್‌ಲ್ಯಾಂಡ್ ಸಿಮೆಂಟ್, ಗ್ರಾಂಗೆ ಏಳು ದಿನಕ್ಕೆ ಕೊಡೋದೇ 300ರಿಂದ 350 ಜೂಲ್ ಹತ್ತಿರ, ಅದರಲ್ಲಿ 80 ಹೋದ್ರೆ ಸಾಮಾನ್ಯ ಸಿಮೆಂಟ್ ಲೋ ಹೀಟ್ ಸಿಮೆಂಟ್ ಥರ ಕಾಣತ್ತೆ! ಹಂಗಾಗಿ ಮುಚ್ಚಳ ಹಾಕಿದ ಮೇಲೆ ಒಂದ್ಸಲ ಆಂಪೂಲ್ ತೂಕ ಬರೆದಿಡಿ, ಕೊನೇಲಿ ಬೇಕಾಗತ್ತೆ.

ಇಳಿಸೋವಾಗ ನಿಧಾನ, ತಳಕ್ಕೆ ಕೂತಿದೆ ಅನ್ನಿಸೋವರೆಗೆ. ಹೊರಗೆ ಕಲಸಿ ಹಾಕಿದ್ರೆ ಮೊದಲ 45 ನಿಮಿಷದಿಂದ ಒಂದು ಗಂಟೆಯ ಸಿಗ್ನಲ್ ನಂಬೋ ಹಾಗಿಲ್ಲ, ಕೈ ಬಿಸಿ, ಕಲಸಿದ ಬಿಸಿ ಎಲ್ಲಾ ಸೇರಿರತ್ತೆ. ಆ ಮೊದಲ ನಿಮಿಷಗಳೇ ಬೇಕು ಅಂದ್ರೆ ಒಳಗೇ ಸಿರಿಂಜ್‌ನಿಂದ ನೀರು ಬಿಟ್ಟು ಕಲಸೋ ವಿಶೇಷ ಆಂಪೂಲ್ ಇದೆ, ಅದರಲ್ಲಿ ಕಲಸೋದು ಅಷ್ಟು ಚೆನ್ನಾಗಿ ಆಗಲ್ಲ ಅನ್ನೋದು ಅದರ ಬೆಲೆ.

ಗ್ರಾಫ್ ಓದೋದು ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಮೊದಲು ನೆಟ್ಟಗೆ ಏರಿ ಇಳಿಯೋ ಪೀಕ್, ನೀರು ತಾಗಿದಾಗಿನ ಕರಗುವಿಕೆ. ಆಮೇಲೆ ಒಂದೆರಡು ಗಂಟೆ ತಣ್ಣಗೆ ಮಲಗಿರತ್ತೆ, ಕಾಂಕ್ರೀಟ್ ಸಾಗಿಸೋಕೆ, ಸುರಿಯೋಕೆ ಸಿಗೋ ಸಮಯ ಇದೇ. ಆಮೇಲೆ ಗುಡ್ಡ ಏರ್ತಾ ಹೋಗತ್ತೆ, ಅದು ಸಿ3ಎಸ್, ಅಂದ್ರೆ ಸಿಮೆಂಟ್‌ನ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಕ್ರಿಯೆ, ಬಲ ಕೊಡೋ ಭಾಗ, ಓಪಿಸಿಯಲ್ಲಿ ಸಾಧಾರಣ 8ರಿಂದ 12 ಗಂಟೆ ಒಳಗೆ ತುದಿ ಮುಟ್ಟತ್ತೆ. ಆ ಗುಡ್ಡದ ಇಳಿಜಾರಲ್ಲಿ ಇನ್ನೊಂದು ಭುಜ ಕಾಣತ್ತಲ್ಲ, ಅಲ್ಲಿ ಜಿಪ್ಸಂ ಮುಗಿದು ಸಿ3ಎ, ಅಂದ್ರೆ ಟ್ರೈಕ್ಯಾಲ್ಸಿಯಂ ಅಲ್ಯೂಮಿನೇಟ್, ಮತ್ತೆ ಎದ್ದಿದೆ ಅಂತ ಅರ್ಥ. ಈ ಭುಜ ಮುಖ್ಯ ಗುಡ್ಡದ ನಂತರವೇ ಬರಬೇಕು, ಅದಕ್ಕಿಂತ ಮುಂಚೆ ಬಂದು ಗುಡ್ಡವೇ ತಗ್ಗಾಗಿ ಹೋದ್ರೆ ಜಿಪ್ಸಂನಿಂದ ಬರೋ ಸಲ್ಫೇಟ್ ಕಮ್ಮಿ ಆಗಿದೆ, ಅಂಥ ಮಿಕ್ಸ್ ಸೈಟಲ್ಲಿ ಕಾಟ ಕೊಡತ್ತೆ. ಸೆಟ್ಟಿಂಗ್ ಅಂದಾಜಿಗೆ ಗುಡ್ಡದ ಅರ್ಧ ಎತ್ತರ ಮುಟ್ಟಿದ ಹೊತ್ತು ನೋಡೋದು ಸುಲಭ ದಾರಿ, ಪೇಸ್ಟ್‌ಗೆ ಸೂಜಿ ಇಳಿಸಿ ಸೆಟ್ಟಿಂಗ್ ನೋಡೋ ವಿಕಾಟ್ ಬದಲಿಗೆ ಅಲ್ಲ, ಎರಡು ಮಿಕ್ಸ್ ಹೋಲಿಸೋಕೆ.

ಒಂದು ಸಲ ಏನಾಯ್ತು ಅಂದ್ರೆ, ಒಂದು ಸೈಟಲ್ಲಿ ಸಂಜೆ ಸ್ಲ್ಯಾಬ್ ಹಾಕಿದ್ರು, ಮಾರನೇ ದಿನ ಬೆಳಿಗ್ಗೆ ಮೇಸ್ತ್ರಿ ಹೆಬ್ಬೆರಳು ಒತ್ತಿದ್ರೆ ಗುರುತು ಬೀಳ್ತಿತ್ತು. ಸಿಮೆಂಟ್ ಖೋಟಾ ಅಂತ ಗಲಾಟೆ, ಒಡೆದು ಹಾಕಿ ಅನ್ನೋ ಮಾತೂ ಬಂತು. ಅದೇ ಸಿಮೆಂಟ್, ಅದೇ ಆಡ್ಮಿಕ್ಸ್ಚರ್ ಡ್ರಮ್‌ನಿಂದ ಸ್ಯಾಂಪಲ್ ತರಿಸಿ ಮೂರು ಆಂಪೂಲ್ ಹಾಕಿದೆ, ಬರೀ ಸಿಮೆಂಟ್, ಡಿಸೈನ್ ಡೋಸ್, ಅದರ ಎರಡರಷ್ಟು ಡೋಸ್. ಬರೀ ಸಿಮೆಂಟ್ 9 ಗಂಟೆಗೆ ಪೀಕ್, ಡಿಸೈನ್ ಡೋಸ್ 13ಕ್ಕೆ, ಎರಡರಷ್ಟು ಹಾಕಿದ್ದು 26 ಗಂಟೆಗೆ. ಮುಖ್ಯ ವಿಷಯ ಏನಂದ್ರೆ ಮೂರು ಗುಡ್ಡದ ಎತ್ತರ ಹೆಚ್ಚುಕಮ್ಮಿ ಒಂದೇ ಇತ್ತು, ಬರೀ ಬಲಕ್ಕೆ ಜರುಗಿತ್ತು. ಅಂದ್ರೆ ಸಿಮೆಂಟ್ ಸತ್ತಿಲ್ಲ, ತಡ ಆಗಿದೆ ಅಷ್ಟೇ. ಡೋಸಿಂಗ್ ಪಂಪ್ ನೋಡಿ ಅಂದೆ, ನೋಡಿದ್ರೆ ಅಲ್ಲೇ ತಪ್ಪು. ಸ್ಲ್ಯಾಬ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಯಾರೂ ಹತ್ತದ ಹಾಗೆ ನೋಡ್ಕೊಳ್ಳಿ, ಸೆಂಟ್ರಿಂಗ್ ಬಿಚ್ಚೋದು ಮುಂದಕ್ಕೆ ಹಾಕಿ ಅಂತ ಹೇಳಿದ್ವಿ, ಕ್ಯೂಬ್ ಏಳು ದಿನಕ್ಕೆ ಸರಿಯಾಗೇ ಬಂತು, ಸ್ಲ್ಯಾಬ್ ಉಳೀತು. ಆ ದಿನ ಕ್ಯೂಬ್ ಬಿಟ್ಟು ಬೇರೇನೂ ಇಲ್ದಿದ್ರೆ ಒಡೆದೇ ಹಾಕ್ತಿದ್ರೇನೋ.

ಕಾಂಕ್ರೀಟ್ ಹಾಕೋದು ಹೇಗೆ ಅಂತ ಕೇಳ್ತೀರಿ. 20 ಮಿಲಿಲೀಟರ್ ಆಂಪೂಲ್‌ಗೆ 20 ಎಂಎಂ ಜಲ್ಲಿ ಹೋಗಲ್ಲ, ಹೋದ್ರೂ ಎರಡು ಕಲ್ಲು ಕೂತ್ರೆ ಅದು ಕಾಂಕ್ರೀಟ್ ಅನ್ನಿಸ್ಕೊಳ್ಳಲ್ಲ. ಹಸಿ ಕಾಂಕ್ರೀಟ್‌ನ 4.75 ಎಂಎಂ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದ ಗಾರೆಯನ್ನ ದೊಡ್ಡ ಸೆಲ್, ಅಂದ್ರೆ 125 ಮಿಲಿಲೀಟರ್ ಥರದ್ದರಲ್ಲಿ ಹಾಕಿ. ಆಗ ಸಿಮೆಂಟ್ ಎಷ್ಟಿದೆ ಅಂತ ಮಿಕ್ಸ್ ಡಿಸೈನ್‌ನಿಂದ ಲೆಕ್ಕ ಹಾಕಬೇಕು. ಘನ ಮೀಟರ್‌ಗೆ ಸಿಮೆಂಟ್ 380 ಕೆಜಿ, ನೀರು 171, ಎಂ-ಸ್ಯಾಂಡ್ 750 ಅಂದ್ರೆ ಗಾರೆ ಒಟ್ಟು 1301, ಅದರಲ್ಲಿ ಸಿಮೆಂಟ್ ಪಾಲು 0.292, ಹಾಗಾಗಿ 100 ಗ್ರಾಂ ಗಾರೆಯಲ್ಲಿ 29 ಗ್ರಾಂ ಸಿಮೆಂಟ್. ಬರೀ ಪೇಸ್ಟ್ ಆದ್ರೆ ಸುಲಭ, ಪೇಸ್ಟ್ ತೂಕವನ್ನ ಒಂದು ಪ್ಲಸ್ ರೇಶಿಯೋದಿಂದ ಭಾಗಿಸಿ, 7 ಗ್ರಾಂನ 1.4ರಿಂದ ಭಾಗಿಸಿದ್ರೆ 5. ಗ್ರಾಫ್ ಯಾವಾಗ್ಲೂ ಗ್ರಾಂ ಸಿಮೆಂಟ್‌ಗೆ ಅಂತ ಬರೀಬೇಕು, ಗ್ರಾಂ ಪೇಸ್ಟ್‌ಗೆ ಅಲ್ಲ, ಸ್ಲ್ಯಾಗ್ ಅಂದ್ರೆ ಉಕ್ಕಿನ ಕಾರ್ಖಾನೆಯ ಕಿಟ್ಟ, ಹಾರುಬೂದಿ ಇದ್ರೆ ಅದನ್ನೂ ಸೇರಿಸಿದ ಬೈಂಡರ್‌ಗೆ ಅಂತ ಸ್ಪಷ್ಟವಾಗಿ ಹಾಕಿ.

ಒಟ್ಟು ಬಿಸಿ ಅಂದ್ರೆ ಗ್ರಾಫ್ ಕೆಳಗಿನ ಜಾಗ. ಗ್ರಾಂಗೆ 2.5 ಮಿಲಿವ್ಯಾಟ್ ಒಂದು ಗಂಟೆ ನಿಂತ್ರೆ 9 ಜೂಲ್, ಇದೇ ಥರ ಪ್ರತಿ ನಿಮಿಷದ್ದು ಕೂಡ್ತಾ ಹೋದ್ರೆ ಆಯ್ತು, ಎಕ್ಸೆಲ್‌ನಲ್ಲೇ ಆಗತ್ತೆ. ಈ ಸಂಖ್ಯೆ ಯಾತಕ್ಕೆ ಅಂದ್ರೆ, ದಪ್ಪ ರಾಫ್ಟ್, ಅಂದ್ರೆ ಕಟ್ಟಡದ ಅಡಿಗೆಲ್ಲಾ ಒಂದೇ ಅಡಿಪಾಯದ ಸ್ಲ್ಯಾಬ್, ಹಾಕೋವಾಗ ಘನ ಮೀಟರ್‌ಗೆ 400 ಕೆಜಿ ಸಿಮೆಂಟ್, ಕೆಜಿಗೆ 300 ಕಿಲೋಜೂಲ್ ಅಂದ್ರೆ 1,20,000 ಕಿಲೋಜೂಲ್, ಕಾಂಕ್ರೀಟ್ ತೂಕ 2400 ಕೆಜಿ, ಸ್ಪೆಸಿಫಿಕ್ ಹೀಟ್ ಒಂದು ಅಂತ ಹಿಡಿದ್ರೆ ಒಳಗೆ 50 ಡಿಗ್ರಿ ಏರತ್ತೆ. 30 ಡಿಗ್ರಿಯಲ್ಲಿ ಸುರಿದಿದ್ರೆ ನಡುಮಧ್ಯೆ 80 ಹತ್ತಿರ, 70 ದಾಟಿದ್ರೆ ಮುಂದೆ ಬಿರುಕಿನ ಭಯ ಅಂತ ಎಲ್ಲರೂ ಎಚ್ಚರಿಕೆ ಕೊಡ್ತಾರೆ. ಐಎಸ್ 12600 ಪ್ರಕಾರ ಲೋ ಹೀಟ್ ಸಿಮೆಂಟ್ ಏಳು ದಿನಕ್ಕೆ ಗ್ರಾಂಗೆ 65 ಕ್ಯಾಲೋರಿ, ಅಂದ್ರೆ 272 ಜೂಲ್ ದಾಟಬಾರದು, 28 ದಿನಕ್ಕೆ 75 ಕ್ಯಾಲೋರಿ. ಅಂಥ ಸಿಮೆಂಟ್ ಸಿಗದ ಕಡೆ ನಮ್ಮವರು ತೋರಣಗಲ್ಲಿನ ಸ್ಲ್ಯಾಗ್, ಶಕ್ತಿನಗರದ ಹಾರುಬೂದಿ ಸೇರಿಸಿ ಬಿಸಿ ಇಳಿಸ್ತಾರೆ, ಎಷ್ಟು ಇಳೀತು ಅನ್ನೋದನ್ನ ಈ ಮಷೀನ್‌ನಲ್ಲೇ ನೋಡಬೇಕು.

ಸ್ಲ್ಯಾಗ್, ಬೂದಿ, ಸುಟ್ಟ ಜೇಡಿಮಣ್ಣು ಇವು ಎಷ್ಟು ಚುರುಕು ಅಂತ ಬೇರೆಯಾಗೇ ನೋಡೋಕೆ ಎಎಸ್‌ಟಿಎಂ ಸಿ1897 ಇದೆ, ಸುಣ್ಣದ ಜೊತೆ ಕಲಸಿ 40 ಡಿಗ್ರಿಯಲ್ಲಿ ಏಳು ದಿನ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಹಾಕಿದ ಸುರ್ಕಿ ಗಾರೆನೂ ಸುಟ್ಟ ಮಣ್ಣು, ಸುಣ್ಣ ತಾನೆ, ಇವತ್ತು ಆ ಥರದ ಮಣ್ಣಿನ ಗ್ರಾಫ್ ಏರೋದು ನೋಡ್ದಾಗ ನನಗೆ ಪ್ರತಿ ಸಲ ಆ ಕಟ್ಟೆ ನೆನಪಾಗತ್ತೆ.

ಏಳು ದಿನ ಮುಗಿದ ಮೇಲೆ ಡೇಟಾ ಎರಡು ಕಡೆ ಸೇವ್ ಮಾಡಿ, ಫೈಲ್ ಹೆಸರಲ್ಲಿ ತಾರೀಕು, ಚಾನೆಲ್, ರೇಶಿಯೋ, ಟೆಂಪರೇಚರ್ ಇರಲಿ. ಆಂಪೂಲ್ ತೆಗೆದು ಒರೆಸಿ ಮತ್ತೆ ತೂಕ ಮಾಡಿ. ಮೊದಲ ದಿನ ಬರೆದ ತೂಕಕ್ಕೆ ಕೂತ್ರೆ ರಿಪೋರ್ಟ್ ಬರೀರಿ. ನೂರು ಮಿಲಿಗ್ರಾಂ ಕಮ್ಮಿ ಬಂದ್ರೆ ಗ್ರಾಫ್ ಎಷ್ಟೇ ಚೆನ್ನಾಗಿ ಕಂಡ್ರೂ ಬಿಟ್ಟುಬಿಡಿ, ಹೊಸ ಮುಚ್ಚಳ ತಗೊಂಡು ಮತ್ತೆ ಕಲಸಿ.